ಅರೇಂಜ್‌ಮೆಂಟ್ ವಿಂಡೊವನ್ನು ಆರಿಸುವುದು ಹೇಗೆ: ಟೈಮ್‌ಲೈನ್, ಪ್ಯಾಟರ್ನ್ ಮತ್ತು ಕ್ಲಿಪ್ ಗ್ರಿಡ್‌ಗಳ ಹೋಲಿಕೆ

ಸಂಗೀತ ಸೀಕ್ವೆನ್ಸಿಂಗ್ ತಂತ್ರಾಂಶವೊಂದನ್ನು, ಅಂದರೆ ಕಂಪ್ಯೂಟರಿನಲ್ಲಿ ಸ್ವರ ಮತ್ತು ಧ್ವನಿಗಳನ್ನು ಜೋಡಿಸಿ ಹಾಡು ಕಟ್ಟುವ ಸಾಧನವೊಂದನ್ನು, ಆರಿಸಲು ಹೊರಟವರು ಮೊದಲು ನೋಡುವುದು ಅದರೊಡನೆ ಸಿಗುವ ವಾದ್ಯಗಳ ಪಟ್ಟಿಯನ್ನು, ಎಫೆಕ್ಟ್‌ಗಳನ್ನು, ಲೂಪ್‌ಗಳ ಸಂಗ್ರಹವನ್ನು. ಇವೆಲ್ಲವೂ ಬೇಕಾದವೇ, ಆದರೆ ಇವುಗಳಲ್ಲಿ ಯಾವುದು ಕಡಿಮೆ ಬಿದ್ದರೂ ಪ್ಲಗಿನ್‌ಗಳ (ಹೊರಗಿನಿಂದ ಸೇರಿಸುವ ಉಪತಂತ್ರಾಂಶಗಳ) ಮೂಲಕ ನಂತರ ತುಂಬಿಕೊಳ್ಳಬಹುದು. ಹಾಗೆ ತುಂಬಿಕೊಳ್ಳಲಾಗದ ಭಾಗವೆಂದರೆ ಟ್ರ್ಯಾಕ್‌ಗಳನ್ನು ಕಾಲದ ಮೇಲೆ ಜೋಡಿಸುವ ಅರೇಂಜ್‌ಮೆಂಟ್ ವಿಂಡೊ. ಅದು ತಂತ್ರಾಂಶದ ತಿರುಳಿನಲ್ಲೇ ಇರುತ್ತದೆ, ಅದರ ಸ್ವಭಾವವನ್ನು ಯಾವ ಪ್ಲಗಿನ್ನೂ ಬದಲಿಸಲಾರದು, ಮತ್ತು ಹಾಡು ಕಟ್ಟುವವರ ಹೆಚ್ಚಿನ ಸಮಯ ಕಳೆಯುವುದು ಅದರೆದುರೇ. ಆದ್ದರಿಂದ ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಸ ಪ್ರಾಜೆಕ್ಟ್ ತೆರೆದು ನಾಲ್ಕು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು) ಡ್ರಮ್ಸ್, ಅದರ ಮೇಲೊಂದು ಬೇಸ್ ಸಾಲು ಹಾಕುವ ಹಂತದಲ್ಲಿ ಎಲ್ಲ ತಂತ್ರಾಂಶಗಳೂ ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ಹೊರಬೀಳುವುದು ಹಾಡು ಮುಕ್ಕಾಲು ಪಾಲು ಮುಗಿದ ಮೇಲೆ. ಎರಡನೆಯ ಚರಣಕ್ಕೆ ಮುಂಚೆ ಎಂಟು ಬಾರ್‌ಗಳ ವಾದ್ಯಭಾಗ ಬೇಕೆನಿಸುತ್ತದೆ. ಬೇಸ್‌ನ ಒಂದು ಸ್ವರವನ್ನು ಕೊನೆಯ ಪಲ್ಲವಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬದಲಿಸಬೇಕೆನಿಸುತ್ತದೆ. ಗಾಯನ ರೆಕಾರ್ಡ್ ಆದ ಬಳಿಕ ಹಾಡು ಸ್ವಲ್ಪ ನಿಧಾನವಾಯಿತೇನೋ ಎಂಬ ಅನುಮಾನ ಹುಟ್ಟುತ್ತದೆ. ಇಂಥ ತಡವಾದ ಬದಲಾವಣೆಗಳನ್ನು ಯಾವ ವಿಂಡೊ ಎಷ್ಟು ಸುಲಭವಾಗಿ, ಉಳಿದದ್ದನ್ನು ಕೆಡಿಸದೆ ಮಾಡಿಕೊಡುತ್ತದೆ ಎಂಬುದೇ ಹೋಲಿಕೆಯ ನಿಜವಾದ ಅಳತೆಗೋಲು. ಈ ಬರಹದಲ್ಲಿ ಮೇಲಿನ ಮೂರು ಬದಲಾವಣೆಗಳನ್ನೇ ಪರೀಕ್ಷೆಗಳಾಗಿ ಇಟ್ಟುಕೊಂಡಿದ್ದೇನೆ.

ಮೂರು ಬಗೆಯ ವಿಂಡೊಗಳು

ಟ್ರ್ಯಾಕ್‌ಗಳು ಮೇಲಿನಿಂದ ಕೆಳಕ್ಕೆ, ಕಾಲ ಎಡದಿಂದ ಬಲಕ್ಕೆ, ನಡುವೆ ಮೌಸ್‌ನಿಂದ ಎಳೆದು ಸರಿಸಬಹುದಾದ ಬಣ್ಣದ ಪಟ್ಟಿಗಳು: ಈಗ ಎಲ್ಲರಿಗೂ ಪರಿಚಿತವಾದ ಈ ನೋಟವನ್ನು ವ್ಯಾಪಕವಾಗಿ ಬಳಕೆಗೆ ತಂದದ್ದು 1989ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗಾಗಿ ಸ್ಟೈನ್‌ಬರ್ಗ್ ಸಂಸ್ಥೆ ಹೊರತಂದ ಕ್ಯೂಬೇಸ್. ಕ್ಯೂಬೇಸ್, ಲಾಜಿಕ್, ಪ್ರೊ ಟೂಲ್ಸ್, ಸ್ಟುಡಿಯೊ ಒನ್, ರೀಪರ್, ಆರ್ಡರ್ ಇವೆಲ್ಲವೂ ಇದೇ ಕುಲಕ್ಕೆ ಸೇರಿದವು. ಹೆಸರುಗಳು ಮಾತ್ರ ಬೇರೆ: ಕ್ಯೂಬೇಸ್‌ನಲ್ಲಿ ಇದು ಪ್ರಾಜೆಕ್ಟ್ ವಿಂಡೊ, ಪ್ರೊ ಟೂಲ್ಸ್‌ನಲ್ಲಿ ಎಡಿಟ್ ವಿಂಡೊ, ಲಾಜಿಕ್‌ನಲ್ಲಿ ಹಿಂದೆ ಅರೇಂಜ್ ವಿಂಡೊ ಎನಿಸಿಕೊಂಡಿದ್ದದ್ದು ಈಗ ಟ್ರ್ಯಾಕ್ಸ್ ಏರಿಯಾ. ಒಂದು ಟ್ರ್ಯಾಕ್ ಎಂದರೆ ಒಂದು ವಾದ್ಯ ಅಥವಾ ಒಂದು ಧ್ವನಿ, ಅದಕ್ಕೊಂದು ಮಿಕ್ಸರ್ ಚಾನೆಲ್ ಎಂಬುದು ಇಲ್ಲಿನ ಮೂಲ ಒಪ್ಪಂದ. ತೆರೆಯ ಮೇಲೆ ಕಾಣುವುದೇ ಕಿವಿಗೆ ಕೇಳುವುದು. ಪ್ಲೇಹೆಡ್ ಎಂಬ ಚಲಿಸುವ ಗೆರೆ ಎಲ್ಲಿದೆಯೋ ಹಾಡು ಅಲ್ಲಿದೆ. ಈ ನೇರತನವೇ ಇದರ ದೊಡ್ಡ ಬಲ.

ಎರಡನೆಯದು ಪ್ಯಾಟರ್ನ್ ಪದ್ಧತಿ. ಬೆಲ್ಜಿಯಂನ ಇಮೇಜ್-ಲೈನ್ ಸಂಸ್ಥೆ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಆರಂಭಿಸಿ, 2003ರಲ್ಲಿ ಹೆಸರು ಬದಲಿಸಿದ ಎಫ್‌ಎಲ್ ಸ್ಟುಡಿಯೊ ಇದಕ್ಕೆ ಅತ್ಯುತ್ತಮ ಉದಾಹರಣೆ. ಇಲ್ಲಿ ಸ್ವರಗಳನ್ನು ಮೊದಲು ಪ್ಯಾಟರ್ನ್ ಎಂಬ ತುಣುಕಿನಲ್ಲಿ ಬರೆದಿಡಲಾಗುತ್ತದೆ. ಪ್ಲೇಲಿಸ್ಟ್ ಎಂಬ ವಿಂಡೊದಲ್ಲಿ ಆ ಪ್ಯಾಟರ್ನ್ ಎಲ್ಲೆಲ್ಲಿ ನುಡಿಯಬೇಕು ಎಂಬುದನ್ನು ಮಾತ್ರ ಗುರುತಿಸಲಾಗುತ್ತದೆ. ಪ್ಲೇಲಿಸ್ಟಿನ ಸಾಲಿಗೂ ವಾದ್ಯಕ್ಕೂ ಮೂಲತಃ ಯಾವ ಕಟ್ಟೂ ಇಲ್ಲ. ಯಾವ ತುಣುಕನ್ನು ಯಾವ ಸಾಲಿನಲ್ಲಿಟ್ಟರೂ ಅದರ ಧ್ವನಿ ತನ್ನದೇ ಮಿಕ್ಸರ್ ಚಾನೆಲ್‌ಗೆ ಹೋಗುತ್ತದೆ. ಟೈಮ್‌ಲೈನ್ ಪದ್ಧತಿಯಿಂದ ಬಂದವರು ಮೊದಲು ತಡಬಡಾಯಿಸುವುದು ಇಲ್ಲಿಯೇ: ಪ್ಲೇಲಿಸ್ಟಿನ ಒಂದು ಸಾಲನ್ನು ಮ್ಯೂಟ್ ಮಾಡಿದರೆ ಆ ಸಾಲಿನಲ್ಲಿರುವ ತುಣುಕುಗಳು ಮಾತ್ರ ನಿಲ್ಲುತ್ತವೆ, ಅದೇ ವಾದ್ಯ ಬೇರೊಂದು ಸಾಲಿನಿಂದ ನುಡಿಯುತ್ತಲೇ ಇರುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಸಾಲೊಂದನ್ನು ನಿರ್ದಿಷ್ಟ ವಾದ್ಯಕ್ಕೆ ಅಥವಾ ಆಡಿಯೊಗೆ ಕಟ್ಟಿಹಾಕುವ ಅನುಕೂಲವೂ ಇದೆ.

ಮೂರನೆಯದು ಕ್ಲಿಪ್ ಗ್ರಿಡ್. 2001ರಲ್ಲಿ ಬಂದ ಏಬಲ್ಟನ್ ಲೈವ್ ಇದನ್ನು ಮುಖ್ಯಧಾರೆಗೆ ತಂದಿತು. ಅದರ ಸೆಷನ್ ವ್ಯೂನಲ್ಲಿ ಕಾಲದ ಗೆರೆಯೇ ಇಲ್ಲ. ಟ್ರ್ಯಾಕ್‌ಗಳು ಕಂಬಸಾಲುಗಳಾಗಿ ನಿಂತಿರುತ್ತವೆ, ಪ್ರತಿ ಕಂಬದಲ್ಲಿ ಹಲವು ಕ್ಲಿಪ್‌ಗಳಿರುತ್ತವೆ, ಒಂದು ಟ್ರ್ಯಾಕಿನಲ್ಲಿ ಒಂದು ಹೊತ್ತಿಗೆ ಒಂದೇ ಕ್ಲಿಪ್ ನುಡಿಯುತ್ತದೆ. ಕ್ಲಿಪ್ ಒತ್ತಿದ ಕೂಡಲೇ ಅದು ಆರಂಭವಾಗುವುದಿಲ್ಲ; ಮೊದಲೇ ನಿಗದಿಯಾದಂತೆ, ಸಾಮಾನ್ಯವಾಗಿ ಮುಂದಿನ ಬಾರ್‌ನ ಮೊದಲ ಬೀಟ್‌ಗೆ ಕಾದು ಸೇರಿಕೊಳ್ಳುತ್ತದೆ. ಲೈವ್‌ನಲ್ಲಿ ಟೈಮ್‌ಲೈನ್ ಮಾದರಿಯ ಅರೇಂಜ್‌ಮೆಂಟ್ ವ್ಯೂ ಕೂಡ ಇದ್ದು, ಟ್ಯಾಬ್ ಕೀಲಿಯಿಂದ ಎರಡರ ನಡುವೆ ಓಡಾಡಬಹುದು. 2014ರ ಬಿಟ್‌ವಿಗ್ ಸ್ಟುಡಿಯೊ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿತು. 2020ರಲ್ಲಿ ಲಾಜಿಕ್ ಕೂಡ ತನ್ನ 10.5ನೆಯ ಆವೃತ್ತಿಯಲ್ಲಿ ಲೈವ್ ಲೂಪ್ಸ್ ಎಂಬ ಗ್ರಿಡ್ಡನ್ನು ಸೇರಿಸಿಕೊಂಡಿತು.

ಇವಲ್ಲದೆ ಟ್ರ್ಯಾಕರ್‌ಗಳೆಂಬ ಹಳೆಯ ಪರಂಪರೆಯೊಂದಿದೆ. 1987ರಲ್ಲಿ ಅಮೀಗ ಕಂಪ್ಯೂಟರಿಗೆ ಬಂದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ ಇಂದಿನ ರಿನಾಯ್ಸ್‌ವರೆಗೆ ಅದರಲ್ಲಿ ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಸ್ವರಗಳು ಅಕ್ಷರ ಮತ್ತು ಅಂಕಿಗಳಾಗಿ ಕಾಣುತ್ತವೆ. ಹಾಡಿನ ಜೋಡಣೆಯ ಮಟ್ಟಿಗೆ ಅದು ಪ್ಯಾಟರ್ನ್ ಪದ್ಧತಿಯ ಹತ್ತಿರದ ಬಂಧು. ಕೀಬೋರ್ಡಿನಿಂದ ಟೈಪ್ ಮಾಡುತ್ತ ಸಂಯೋಜಿಸುವುದು ಯಾರಿಗೆ ಹಿತವೋ ಅವರಿಗೆ ಅದಕ್ಕಿಂತ ವೇಗದ ಸಾಧನ ಇಲ್ಲ.

ನಕಲು ಎಂದರೆ ನಕಲೇ?

ಎರಡನೆಯ ಪರೀಕ್ಷೆಯನ್ನು, ಅಂದರೆ ಬೇಸ್ ಸ್ವರವನ್ನು ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ಬದಲಿಸುವುದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಏಕೆಂದರೆ ಮೂರು ಪದ್ಧತಿಗಳ ನಡುವಿನ ಆಳವಾದ ಭೇದ ಇದರಲ್ಲೇ ಇದೆ. ತುಣುಕೊಂದನ್ನು ಎಂಟು ಕಡೆ ನಕಲು ಮಾಡಿದಾಗ ನಿಮ್ಮ ಕೈಯಲ್ಲಿರುವುದು ಎಂಟು ಸ್ವತಂತ್ರ ತುಣುಕುಗಳೇ, ಅಥವಾ ಒಂದೇ ತುಣುಕಿನ ಎಂಟು ಪ್ರತಿಬಿಂಬಗಳೇ?

ಎಫ್‌ಎಲ್ ಸ್ಟುಡಿಯೊದಲ್ಲಿ ಉತ್ತರ ಸ್ಪಷ್ಟ: ಅವು ಪ್ರತಿಬಿಂಬಗಳು. ಪ್ಯಾಟರ್ನಿನೊಳಗೆ ಸ್ವರ ಬದಲಿಸಿದರೆ ಅದು ಬಳಕೆಯಾದ ಪ್ರತಿಯೊಂದು ಜಾಗದಲ್ಲೂ ಬದಲಾಗುತ್ತದೆ. ಕೊನೆಯ ಪಲ್ಲವಿ ಬೇರೆಯಾಗಿರಬೇಕಾದರೆ ಅಲ್ಲಿನ ತುಣುಕಿಗೆ ಮಾತ್ರ ಮೊದಲೇ ‘ಮೇಕ್ ಯುನೀಕ್’ ಆಜ್ಞೆ ಕೊಟ್ಟು ಅದನ್ನು ಬೇರ್ಪಡಿಸಬೇಕು. ಪರೀಕ್ಷೆ ಎರಡು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಆದರೆ ಇದಕ್ಕೊಂದು ಷರತ್ತಿದೆ. ಒಂದು ಪ್ಯಾಟರ್ನ್ ಹಲವು ವಾದ್ಯಗಳ ಸ್ವರಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಬಲ್ಲದು, ಮತ್ತು ಹೊಸಬರು ಸಹಜವಾಗಿ ಡ್ರಮ್ಸ್, ಬೇಸ್, ಕಾರ್ಡ್‌ಗಳನ್ನೆಲ್ಲ ಒಂದರಲ್ಲೇ ತುಂಬಿಬಿಡುತ್ತಾರೆ. ಆಗ ಪ್ಲೇಲಿಸ್ಟಿನಲ್ಲಿ ಬೇಸ್ ಒಂದನ್ನೇ ಎರಡು ಬಾರ್ ಮೌನವಾಗಿಸುವುದೂ ಕಷ್ಟವಾಗುತ್ತದೆ. ಒಂದು ವಾದ್ಯಕ್ಕೆ ಒಂದು ಪ್ಯಾಟರ್ನ್ ಎಂಬ ಶಿಸ್ತನ್ನು ಮೊದಲಿನಿಂದಲೇ ಪಾಲಿಸುವುದು ಒಳ್ಳೆಯದು. ಈಗಾಗಲೇ ಬೆರೆತುಹೋಗಿದ್ದರೆ ಚಾನೆಲ್‌ಗಳ ಪ್ರಕಾರ ಪ್ಯಾಟರ್ನನ್ನು ಒಡೆಯುವ ಆಜ್ಞೆಯೊಂದು ಅದರ ಮೆನುವಿನಲ್ಲೇ ಇದೆ.

ಟೈಮ್‌ಲೈನ್ ಕುಲದಲ್ಲಿ ಸಾಮಾನ್ಯ ನಕಲು ಸ್ವತಂತ್ರ ನಕಲು, ಆದರೆ ಹೆಚ್ಚಿನವು ಪ್ರತಿಬಿಂಬದ ದಾರಿಯನ್ನೂ ಕೊಡುತ್ತವೆ. ಕ್ಯೂಬೇಸ್‌ನಲ್ಲಿ ಆಲ್ಟ್ ಒತ್ತಿ ಎಳೆದರೆ ಸ್ವತಂತ್ರ ಪ್ರತಿ, ಆಲ್ಟ್ ಮತ್ತು ಶಿಫ್ಟ್ ಎರಡನ್ನೂ ಒತ್ತಿ ಎಳೆದರೆ ಹಂಚಿಕೆಯ ಪ್ರತಿ. ಸ್ಟುಡಿಯೊ ಒನ್‌ನಲ್ಲಿ ಡಿ ಕೀಲಿ ಬೇರೆ ಪ್ರತಿಯನ್ನೂ, ಶಿಫ್ಟ್‌ನೊಡನೆ ಡಿ ಹಂಚಿಕೆಯ ಪ್ರತಿಯನ್ನೂ ಮಾಡುತ್ತದೆ. ಲಾಜಿಕ್‌ನಲ್ಲಿ ಮಿಡಿ ತುಣುಕುಗಳಿಗೆ, ಅಂದರೆ ಧ್ವನಿಯ ಬದಲು ಸ್ವರಗಳ ಸೂಚನೆಗಳನ್ನಷ್ಟೇ ಹಿಡಿದಿರುವ ತುಣುಕುಗಳಿಗೆ, ಏಲಿಯಾಸ್ ಎಂಬ ಪ್ರತಿಬಿಂಬಗಳಿವೆ. ಅದಕ್ಕೂ ಸರಳವಾಗಿ ರೀಜನ್ನಿನ (ಲಾಜಿಕ್‌ನಲ್ಲಿ ತುಣುಕಿನ ಹೆಸರು) ಮೇಲಿನ ಬಲ ಅಂಚನ್ನು ಹಿಡಿದು ಎಳೆದು ಲೂಪ್ ಮಾಡಿದರೆ ಮೂಲವನ್ನು ತಿದ್ದಿದಂತೆಲ್ಲ ಅದರ ಪುನರಾವರ್ತನೆಗಳೂ ತಿದ್ದಿಕೊಳ್ಳುತ್ತವೆ, ಬೇಕಾದಾಗ ಅವನ್ನು ನಿಜವಾದ ಪ್ರತಿಗಳಾಗಿ ಪರಿವರ್ತಿಸಲೂಬಹುದು. ರೀಪರ್‌ನಲ್ಲಿ ಇದೇ ಕೆಲಸಕ್ಕೆ ಪೂಲ್ಡ್ ಮಿಡಿ ಐಟಂಗಳಿವೆ. ಅನುಕೂಲ ಹೆಚ್ಚಿನ ಕಡೆ ಇದೆ, ಆದರೆ ಅದನ್ನು ನೆನಪಿಟ್ಟು ಬಳಸುವ ಹೊಣೆ ಬಳಸುವವರದು: ಮಾಮೂಲಿ ರೀತಿಯಲ್ಲಿ ಎಂಟು ಕಡೆ ಅಂಟಿಸಿ ಹಾಡು ಮುಗಿಸಿದ ಮೇಲೆ ಅವನ್ನು ಮತ್ತೆ ಒಂದಕ್ಕೊಂದು ಕಟ್ಟುವ ಸುಲಭ ದಾರಿ ಇರುವುದಿಲ್ಲ.

ಏಬಲ್ಟನ್ ಲೈವ್‌ನ ಅರೇಂಜ್‌ಮೆಂಟ್ ವ್ಯೂನಲ್ಲಿ ಅಂಟಿಸಿದ ಕ್ಲಿಪ್‌ಗಳು ಸ್ವತಂತ್ರ. ಎಂಟರವರೆಗೆ ಮಿಡಿ ಕ್ಲಿಪ್‌ಗಳನ್ನು ಒಟ್ಟಿಗೆ ತೆರೆದು ನೋಡಿ ತಿದ್ದಬಹುದಾದರೂ ಅದು ಪ್ರತಿಬಿಂಬಕ್ಕೆ ಸಮನಲ್ಲ. ಈ ಪರೀಕ್ಷೆಯಲ್ಲಿ ಅದು ಹಿಂದೆ ಬೀಳುತ್ತದೆ ಎಂದು ಹೇಳಲೇಬೇಕು. ಅದೇ ಹೊತ್ತಿಗೆ, ಪ್ರತಿ ಸಲ ಬಂದಾಗಲೂ ಸಾಲು ಕೊಂಚ ಬೇರೆಯಾಗಿಯೇ ಇರಬೇಕು ಎಂದು ಬಯಸುವವರಿಗೆ ಸ್ವತಂತ್ರ ನಕಲೇ ಹೆಚ್ಚು ನಿರ್ಭಯವಾದದ್ದು. ಪ್ರತಿಬಿಂಬ ಪದ್ಧತಿಯಲ್ಲಿ ಮೂರನೆಯ ಚರಣಕ್ಕೆಂದು ಮಾಡಿದ ತಿದ್ದುಪಡಿ ಮೊದಲನೆಯ ಚರಣದಲ್ಲೂ ಸದ್ದಿಲ್ಲದೆ ಸೇರಿಕೊಂಡು, ಬಹಳ ತಡವಾಗಿ ಕಿವಿಗೆ ಬೀಳುವ ಅಪಾಯವಿದೆ. ನಿಮ್ಮ ಸಂಗೀತದಲ್ಲಿ ಪುನರಾವರ್ತನೆ ನಿಜಕ್ಕೂ ಪುನರಾವರ್ತನೆಯೇ, ಅಥವಾ ಪ್ರತಿ ಸಲವೂ ಹೊಸ ಎಳೆಯೊಂದು ಸೇರುತ್ತದೆಯೇ ಎಂದು ಕೇಳಿಕೊಂಡರೆ ಯಾವ ನಡವಳಿಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ನಡುವೆ ಎಂಟು ಬಾರ್ ಸೇರಿಸುವುದು

ಇದು ಮೇಲ್ನೋಟಕ್ಕೆ ಸಣ್ಣ ಕೆಲಸ. ಮಿನಿಟಿಗೆ 120 ಬೀಟ್‌ಗಳ ವೇಗದಲ್ಲಿ ನಾಲ್ಕು ಬೀಟ್‌ಗಳ ಒಂದು ಬಾರ್ ಸರಿಯಾಗಿ 2 ಸೆಕೆಂಡು. ಎಂಟು ಬಾರ್ ಎಂದರೆ 16 ಸೆಕೆಂಡು. ಹಾಡಿನ ಮಧ್ಯದಲ್ಲಿ ಅಷ್ಟು ಜಾಗ ಮಾಡಬೇಕು, ಅದರಾಚೆಗಿನ ಎಲ್ಲವೂ ಒಂದೇ ಪ್ರಮಾಣದಲ್ಲಿ ಬಲಕ್ಕೆ ಸರಿಯಬೇಕು. ‘ಎಲ್ಲವೂ’ ಎಂಬಲ್ಲಿ ತೊಡಕಿದೆ. ಸರಿಯಬೇಕಾದವುಗಳಲ್ಲಿ ತುಣುಕುಗಳಷ್ಟೇ ಅಲ್ಲ, ವಾಲ್ಯೂಮ್ ಮತ್ತು ಎಫೆಕ್ಟ್‌ಗಳ ಆಟೊಮೇಶನ್ (ಅವು ಕಾಲಕ್ಕೆ ತಕ್ಕಂತೆ ತಾವಾಗಿ ಬದಲಾಗುವಂತೆ ಬರೆದಿಟ್ಟ ಸೂಚನೆ), ಮಾರ್ಕರ್‌ಗಳು, ಟೆಂಪೊ (ಹಾಡಿನ ವೇಗ) ಮತ್ತು ತಾಳದ ಬದಲಾವಣೆಗಳು, ಪರದೆಯಲ್ಲಿ ಮಡಚಿಟ್ಟು ಕಾಣದಾದ ಟ್ರ್ಯಾಕ್‌ಗಳೂ ಇರುತ್ತವೆ. ಇವುಗಳಲ್ಲಿ ಒಂದು ಹಿಂದುಳಿದರೂ ಹಾಡು ಕೆಡುತ್ತದೆ, ಮತ್ತು ಆಟೊಮೇಶನ್ ಹಿಂದುಳಿದದ್ದು ಕೂಡಲೇ ಕಣ್ಣಿಗೆ ಬೀಳುವುದಿಲ್ಲ.

ಲೈವ್‌ನ ಅರೇಂಜ್‌ಮೆಂಟ್ ವ್ಯೂ ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ನಂಬಿಕೆಯದೆನಿಸುತ್ತದೆ. ಬೇಕಾದಷ್ಟು ಕಾಲವನ್ನು ಆಯ್ದು ಸೈಲೆನ್ಸ್ ಸೇರಿಸುವ ಆಜ್ಞೆ ಕೊಟ್ಟರೆ ಎಲ್ಲ ಟ್ರ್ಯಾಕ್‌ಗಳೂ ಒಟ್ಟಿಗೆ ಸರಿಯುತ್ತವೆ. ಖಾಲಿ ಜಾಗದ ಬದಲು ಈಗಾಗಲೇ ಇರುವ ಭಾಗವೇ ಮತ್ತೆ ಬರಬೇಕಾದರೆ ಕಾಲವನ್ನು ಇಮ್ಮಡಿಸುವ ಆಜ್ಞೆಯೂ, ತೆಗೆದುಹಾಕಬೇಕಾದರೆ ಕಾಲವನ್ನು ಅಳಿಸುವ ಆಜ್ಞೆಯೂ ಇವೆ. ಆಟೊಮೇಶನ್ ಸಹಜವಾಗಿ ಕ್ಲಿಪ್‌ಗಳೊಂದಿಗೆ ಚಲಿಸುತ್ತದೆ. ಹಾಗಾಗಬಾರದೆಂದರೆ ಎನ್ವಲಪ್‌ಗಳಿಗೆ (ಆಟೊಮೇಶನ್ ಗೆರೆಗಳಿಗೆ) ಬೀಗ ಹಾಕುವ ಗುಂಡಿಯಿದೆ, ಆ ಬೀಗ ಬಿದ್ದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಟೈಮ್‌ಲೈನ್ ಕುಲದ ಉಳಿದವುಗಳಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಖಾಲಿ ಕಾಲವನ್ನು ತೂರಿಸುವ ಆಜ್ಞೆ: ಕ್ಯೂಬೇಸ್‌ನ ಇನ್‌ಸರ್ಟ್ ಸೈಲೆನ್ಸ್, ಪ್ರೊ ಟೂಲ್ಸ್‌ನ ಟೈಮ್ ಆಪರೇಶನ್ಸ್, ರೀಪರ್‌ನಲ್ಲಿ ಆಯ್ದ ಅವಧಿಗೆ ಖಾಲಿ ಜಾಗ ಸೇರಿಸುವ ಆಜ್ಞೆ. ಎರಡನೆಯದು ವಿಭಾಗಗಳ ದಾರಿ. ಲಾಜಿಕ್‌ನಲ್ಲಿ ಟ್ರ್ಯಾಕ್‌ಗಳ ಮೇಲ್ಭಾಗದಲ್ಲಿ ಅರೇಂಜ್‌ಮೆಂಟ್ ಮಾರ್ಕರ್‌ಗಳನ್ನು ಹಾಕಿ ಪಲ್ಲವಿ, ಚರಣ ಎಂದು ಹೆಸರಿಟ್ಟರೆ, ಆ ಮಾರ್ಕರನ್ನು ಎಳೆದಾಗ ಅದರಡಿಯ ಇಡೀ ಹಾಡಿನ ಭಾಗವೇ ಜೊತೆಗೆ ಚಲಿಸುತ್ತದೆ. ಸ್ಟುಡಿಯೊ ಒನ್ ತನ್ನ ಮೂರನೆಯ ಆವೃತ್ತಿಯಲ್ಲಿ, 2015ರಲ್ಲಿ, ಇಂಥದೇ ಅರೇಂಜರ್ ಟ್ರ್ಯಾಕನ್ನು ತಂದಿತು. ಜೊತೆಗೆ ಸ್ಕ್ರ್ಯಾಚ್ ಪ್ಯಾಡ್ ಎಂಬ ಪಕ್ಕದ ಹಲಗೆಯನ್ನೂ ಕೊಟ್ಟಿತು. ಮುಖ್ಯ ಹಾಡನ್ನು ಮುಟ್ಟದೆ ಅಲ್ಲಿ ವಿಭಾಗಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿ ಕೇಳಿ ನೋಡಬಹುದು, ಇಷ್ಟವಾದರೆ ತರಬಹುದು. ಹಾಡಿನ ಸ್ವರೂಪವನ್ನು ಪದೇ ಪದೇ ಪ್ರಯೋಗಿಸುವ ಗೀತರಚನಕಾರರಿಗೆ ಇದು ಬಹು ದೊಡ್ಡ ಉಪಕಾರ. ಕ್ಯೂಬೇಸ್‌ನ ಅರೇಂಜರ್ ಟ್ರ್ಯಾಕ್ ಬೇರೆ ತೆರನಾದದ್ದು: ಅದು ತುಣುಕುಗಳನ್ನು ಸರಿಸುವುದೇ ಇಲ್ಲ, ವಿಭಾಗಗಳು ನುಡಿಯಬೇಕಾದ ಕ್ರಮದ ಸರಪಳಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ಕ್ರಮ ಒಪ್ಪಿಗೆಯಾದ ಬಳಿಕ ಫ್ಲ್ಯಾಟನ್ ಮಾಡಿದಾಗ ಅದು ಸಾಮಾನ್ಯ ಟೈಮ್‌ಲೈನ್ ಆಗಿ ಹರಡಿಕೊಳ್ಳುತ್ತದೆ. ರೀಪರ್‌ನಲ್ಲಿ ರೀಜನ್ ಎಂದರೆ ಹೆಸರಿಟ್ಟ ಕಾಲಾವಧಿ. ಅದನ್ನು ಎಳೆದರೆ ಅದರೊಳಗಿನದೆಲ್ಲ ಜೊತೆಗೆ ಬರುತ್ತದೆ. ಲಾಜಿಕ್‌ನಲ್ಲಿ ಅದೇ ಪದ ಒಂದು ಟ್ರ್ಯಾಕಿನ ತುಣುಕನ್ನು ಸೂಚಿಸುತ್ತದೆ, ಆದ್ದರಿಂದ ಎರಡರ ಕೈಪಿಡಿಗಳನ್ನು ಒಟ್ಟಿಗೆ ಓದುವವರು ಎಚ್ಚರದಿಂದಿರಬೇಕು.

ಯಾವ ದಾರಿ ಹಿಡಿದರೂ ಎರಡು ಕಡೆ ಕಿವಿಗೊಟ್ಟು ಪರಿಶೀಲಿಸಬೇಕು. ಕತ್ತರಿಸಿದ ಗೆರೆಯನ್ನು ದಾಟಿ ಮುಂದುವರಿಯುವ ದೀರ್ಘ ಸ್ವರಗಳು ಮೊದಲನೆಯದು: ಸ್ಟ್ರಿಂಗ್ಸ್ ವಾದ್ಯದ ಒಂದು ಸ್ವರ 32ನೆಯ ಬಾರ್‌ನಲ್ಲಿ ಆರಂಭವಾಗಿ 34ರವರೆಗೆ ನಿಲ್ಲುವಂತಿದ್ದರೆ, 33ರಲ್ಲಿ ಕತ್ತರಿ ಬಿದ್ದಾಗ ಅದರ ಗತಿ ಏನಾಗಬೇಕು? ಲಾಜಿಕ್ ಇದನ್ನು ನೇರವಾಗಿ ಕೇಳುತ್ತದೆ, ಸ್ವರವನ್ನು ಹಾಗೆಯೇ ಉಳಿಸಬೇಕೇ, ಮೊಟಕುಗೊಳಿಸಬೇಕೇ, ಎರಡಾಗಿ ಒಡೆಯಬೇಕೇ ಎಂದು. ಹಾಗೆ ಕೇಳದ ತಂತ್ರಾಂಶಗಳಲ್ಲಿ ಫಲಿತಾಂಶವನ್ನು ನಾವೇ ಹೋಗಿ ನೋಡಬೇಕು. ಎರಡನೆಯದು ಇನ್ನೂ ಸೂಕ್ಷ್ಮ: ಗಾಯನದ ಸಾಲುಗಳು ಬಹಳ ಸಲ ಬಾರ್ ಆರಂಭವಾಗುವ ಮುನ್ನವೇ, ಹಿಂದಿನ ಬಾರ್‌ನ ಕೊನೆಯ ಬೀಟ್‌ನಲ್ಲಿ ಎತ್ತಿಕೊಳ್ಳುತ್ತವೆ. ಚರಣದ ವಿಭಾಗ 33ನೆಯ ಬಾರ್‌ನಿಂದ ಎಂದು ಗುರುತು ಹಾಕಿ ಅದನ್ನು ಬೇರೆಡೆಗೆ ಎಳೆದರೆ, 32ನೆಯ ಬಾರ್‌ನಲ್ಲಿದ್ದ ಮೊದಲ ಪದ ಹಿಂದೆಯೇ ಉಳಿದುಬಿಡುತ್ತದೆ. ಇದಕ್ಕೆ ಯಾವ ವಿಭಾಗ ಪದ್ಧತಿಯೂ ಪೂರ್ಣ ಉತ್ತರ ಕೊಟ್ಟಿಲ್ಲ. ವಾದ್ಯಗಳನ್ನು ವಿಭಾಗದೊಂದಿಗೆ ಸರಿಸಿ, ಧ್ವನಿಯ ಟ್ರ್ಯಾಕನ್ನು ಸ್ನ್ಯಾಪ್ (ತುಣುಕು ಗೆರೆಗೆ ತಾನಾಗಿ ಅಂಟಿಕೊಳ್ಳುವ ಆಯ್ಕೆ) ತೆಗೆದು ಕೈಯಾರೆ ಹೊಂದಿಸುವುದೇ ಸರಿಯಾದ ಕ್ರಮ.

ಎಫ್‌ಎಲ್ ಸ್ಟುಡಿಯೊದ ಪ್ಲೇಲಿಸ್ಟಿನಲ್ಲೂ ಜಾಗ ಸೇರಿಸುವ ಆಜ್ಞೆ ಇದೆ, ಮತ್ತು ಅಲ್ಲಿ ಆಟೊಮೇಶನ್ ಕೂಡ ಒಂದು ಕ್ಲಿಪ್ ರೂಪದಲ್ಲೇ ಪ್ಲೇಲಿಸ್ಟಿನ ಮೇಲೆ ಕೂತಿರುವುದರಿಂದ ಕಾಣದೆ ಹಿಂದುಳಿಯುವ ಭಯ ಕಡಿಮೆ. ಟೈಮ್‌ಲೈನ್ ಕುಲದಲ್ಲಿ ಇದನ್ನು ಒಂದು ಆಯ್ಕೆಯಾಗಿ ಇಡಲಾಗಿದೆ: ಕ್ಯೂಬೇಸ್‌ನಲ್ಲಿ ಆಟೊಮೇಶನ್ ಈವೆಂಟ್‌ಗಳನ್ನು (ತುಣುಕುಗಳನ್ನು) ಹಿಂಬಾಲಿಸಬೇಕೇ ಎಂಬುದು, ಲಾಜಿಕ್‌ನಲ್ಲಿ ಎಂದಿಗೂ ಬೇಡ, ಯಾವಾಗಲೂ ಬೇಕು, ಕೇಳಿ ಮಾಡು ಎಂಬ ಮೂರು ಆಯ್ಕೆಗಳು, ರೀಪರ್‌ನಲ್ಲಿ ಎನ್ವಲಪ್ ಬಿಂದುಗಳು ಐಟಂಗಳೊಂದಿಗೆ ಚಲಿಸಬೇಕೇ ಎಂಬುದು. ಯಾವ ತಂತ್ರಾಂಶವನ್ನೇ ಪರೀಕ್ಷಿಸಿದರೂ ಈ ಆಯ್ಕೆ ಯಾವ ಸ್ಥಿತಿಯಲ್ಲಿದೆ ಎಂದು ತಿಳಿದುಕೊಂಡೇ ಮುಂದುವರಿಯಬೇಕು.

ಕ್ಲಿಪ್ ಗ್ರಿಡ್ಡಿಗೆ ಈ ಪರೀಕ್ಷೆ ಅನ್ವಯಿಸುವುದೇ ಇಲ್ಲ ಎನ್ನಬಹುದು, ಏಕೆಂದರೆ ಅಲ್ಲಿ ಸರಿಸಬೇಕಾದ ಕಾಲವೇ ಇಲ್ಲ; ಎಂಟು ಬಾರ್ ಹೆಚ್ಚು ನುಡಿಸಬೇಕಾದರೆ ಮುಂದಿನ ಅಡ್ಡಸಾಲಿನ ಕ್ಲಿಪ್‌ಗಳನ್ನು ಒತ್ತಲು ಎಂಟು ಬಾರ್ ತಡಮಾಡಿದರಾಯಿತು. ಹಾಡಿನ ರೂಪ ಇನ್ನೂ ನಿರ್ಧಾರವಾಗದ ಹಂತದಲ್ಲಿ ಇದರಷ್ಟು ಮುಕ್ತವಾದದ್ದು ಬೇರೆ ಇಲ್ಲ. ಮೂರು ಬಾರ್‌ಗಳ ಒಂದು ಕ್ಲಿಪ್ಪನ್ನು ನಾಲ್ಕು ಬಾರ್‌ಗಳ ಇನ್ನೊಂದರೊಂದಿಗೆ ಬಿಟ್ಟರೆ ಹನ್ನೆರಡು ಬಾರ್‌ಗಳಿಗೊಮ್ಮೆ ಮಾತ್ರ ಎರಡರ ಆರಂಭಗಳು ಕೂಡುತ್ತವೆ. ಇಂಥ ಹೆಣಿಗೆಗಳನ್ನು ಟೈಮ್‌ಲೈನ್‌ನಲ್ಲಿ ಕೈಯಿಂದ ಹಾಕಲು ಮನಸ್ಸೇ ಬಾರದು, ಗ್ರಿಡ್‌ನಲ್ಲಿ ಅವು ತಾವಾಗಿ ಹುಟ್ಟುತ್ತವೆ. ಆದರೆ ಗ್ರಿಡ್‌ನಲ್ಲೇ ಉಳಿದುಹೋದ ಹಾಡು ಮುಗಿಯುವುದಿಲ್ಲ ಎಂಬುದನ್ನೂ ಗಂಭೀರವಾಗಿ ಪರಿಗಣಿಸಬೇಕು. ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಆ ಒಂದೆರಡು ಬೀಟ್‌ಗಳ ಕುಸುರಿ, ಪಲ್ಲವಿಗೆ ಮುಂಚಿನ ಅರೆಕ್ಷಣದ ಮೌನ, ಇವು ಕ್ಲಿಪ್‌ಗಳ ನಡುವಿನ ಗಡಿಯಲ್ಲಿ ಇರುವಂಥವು. ಅವನ್ನು ಟೈಮ್‌ಲೈನ್‌ನಲ್ಲೇ ಕೂತು ಕೆತ್ತಬೇಕು. ಆದ್ದರಿಂದ ಗ್ರಿಡ್‌ನಲ್ಲಿ ಕ್ಲಿಪ್‌ಗಳನ್ನು ನುಡಿಸುತ್ತ ಅದನ್ನು ಅರೇಂಜ್‌ಮೆಂಟಿಗೆ ರೆಕಾರ್ಡ್ ಮಾಡಿಕೊಂಡು, ಅಲ್ಲಿಂದ ಮುಂದಕ್ಕೆ ಟೈಮ್‌ಲೈನ್‌ನಲ್ಲೇ ಕೆಲಸ ಮಾಡುವುದು ಸೂಕ್ತ. ಲೈವ್‌ನಲ್ಲಿ ಹೀಗೆ ಮಾಡುವಾಗ ಒಂದು ವಿಷಯ ನೆನಪಿರಲಿ: ಒಂದು ಟ್ರ್ಯಾಕಿನಲ್ಲಿ ಸೆಷನ್ ಕ್ಲಿಪ್ ಒತ್ತಿದ್ದರೆ ಆ ಟ್ರ್ಯಾಕಿನ ಅರೇಂಜ್‌ಮೆಂಟ್ ಮಂಕಾಗಿ, ಕೇಳದೆ ಉಳಿಯುತ್ತದೆ. ಅರೇಂಜ್‌ಮೆಂಟಿಗೆ ಮರಳುವ ಗುಂಡಿಯನ್ನು ಒತ್ತುವವರೆಗೆ ಅದು ಹಾಗೆಯೇ ಇರುತ್ತದೆ.

ಟೆಂಪೊ ಬದಲಾದಾಗ ಧ್ವನಿಯ ಪಾಡು

ಮಿಡಿ ಸ್ವರಗಳಿಗೆ ಟೆಂಪೊ ಬದಲಾವಣೆ ಸಮಸ್ಯೆಯೇ ಅಲ್ಲ, ಅವು ಬಾರ್ ಮತ್ತು ಬೀಟ್‌ಗಳಿಗೆ ಅಂಟಿಕೊಂಡಿರುತ್ತವೆ. ರೆಕಾರ್ಡ್ ಆದ ಧ್ವನಿ ಸೆಕೆಂಡುಗಳಲ್ಲಿ ಬದುಕುತ್ತದೆ. ಇವೆರಡನ್ನೂ ಒಂದೇ ವಿಂಡೊದಲ್ಲಿ ಸಾಗಿಸಬೇಕಾದ್ದರಿಂದ ಟ್ರ್ಯಾಕೊಂದರ ಆಧಾರ ಬೀಟೇ ಅಥವಾ ಗಡಿಯಾರವೇ ಎಂದು ನಿಗದಿ ಮಾಡುವ ಸೌಲಭ್ಯ ಇರಬೇಕು. ಕ್ಯೂಬೇಸ್‌ನಲ್ಲಿ ಪ್ರತಿ ಟ್ರ್ಯಾಕಿಗೂ ಸಂಗೀತಕಾಲ ಮತ್ತು ಗಡಿಯಾರಕಾಲದ ನಡುವೆ ಬದಲಿಸುವ ಗುಂಡಿಯಿದೆ; ಪ್ರೊ ಟೂಲ್ಸ್‌ನಲ್ಲಿ ಇವೇ ಟಿಕ್ಸ್ ಮತ್ತು ಸ್ಯಾಂಪಲ್ಸ್; ರೀಪರ್‌ನಲ್ಲಿ ಟೈಮ್‌ಬೇಸ್ ಎಂಬ ಹೆಸರಿನಲ್ಲಿ ಇಡೀ ಪ್ರಾಜೆಕ್ಟಿಗೂ ಪ್ರತಿ ಟ್ರ್ಯಾಕಿಗೂ ಬೇರೆ ಬೇರೆಯಾಗಿ ಹೊಂದಿಸಬಹುದು. ಧ್ವನಿಯನ್ನೇ ಹಿಗ್ಗಿಸಿ ಕುಗ್ಗಿಸಿ ಹೊಸ ವೇಗಕ್ಕೆ ತರುವುದು ಇದರ ಮುಂದಿನ ಹೆಜ್ಜೆ, ಅದರಲ್ಲಿ ಲೈವ್‌ನ ವಾರ್ಪ್ ಮೊದಲಿನಿಂದಲೂ ಅದರ ಜೀವಾಳ.

ಚಿತ್ರಕ್ಕೆ ಅಥವಾ ಜಾಹೀರಾತಿಗೆ ಸಂಗೀತ ಕೊಡುವವರು ಇದನ್ನು ಮೊದಲ ಅರ್ಹತೆಯಾಗಿ ನೋಡಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ ದೃಶ್ಯದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡು. ಬಾಗಿಲು ಬಡಿಯುವ ಸದ್ದು ಗಡಿಯಾರಕ್ಕೆ ಅಂಟಿಕೊಂಡಿರಬೇಕು, ಅದರ ಸುತ್ತಲಿನ ತಂತಿವಾದ್ಯಗಳು ಟೆಂಪೊ ತಿದ್ದಿದಂತೆ ಸರಿಯುತ್ತಿರಬೇಕು. ಸಂಭಾಷಣೆ ಮತ್ತು ಧ್ವನಿ ಸಂಕಲನದ ಕೆಲಸವೂ ಸೇರಿದ್ದರೆ ಪ್ರೊ ಟೂಲ್ಸ್‌ನ ಷಫಲ್, ಸ್ಲಿಪ್, ಸ್ಪಾಟ್, ಗ್ರಿಡ್ ಎಂಬ ನಾಲ್ಕು ಎಡಿಟ್ ವಿಧಾನಗಳು ಅಂಥ ಅಗತ್ಯಕ್ಕಾಗಿಯೇ ರೂಪುಗೊಂಡವು: ಸ್ಪಾಟ್‌ನಲ್ಲಿ ತುಣುಕನ್ನು ನಿರ್ದಿಷ್ಟ ಕಾಲಬಿಂದುವನ್ನು ಅಂಕಿಯಲ್ಲಿ ಬರೆದು ಕೂರಿಸಬಹುದು, ಷಫಲ್‌ನಲ್ಲಿ ಒಂದು ತುಣುಕನ್ನು ತೆಗೆದರೆ ಪಕ್ಕದವು ತಾವಾಗಿ ಒತ್ತರಿಸಿಕೊಂಡು ಬರುತ್ತವೆ. ಪ್ಯಾಟರ್ನ್ ಪದ್ಧತಿ ಮತ್ತು ಗ್ರಿಡ್ ಎರಡೂ ಈ ಕೆಲಸಕ್ಕೆ ಹೇಳಿಮಾಡಿಸಿದವಲ್ಲ.

ಯಾರಿಗೆ ಯಾವುದು

ಡ್ರಮ್ಸ್ ಮತ್ತು ಬೇಸ್‌ನ ಸುತ್ತ ಬೆಳೆಯುವ, ಒಂದೇ ತುಣುಕು ಹಲವು ಸಲ ಬರುವ ಸಂಗೀತವನ್ನು ಮೌಸ್ ಮತ್ತು ಪಿಯಾನೊ ರೋಲ್ ಎಂಬ ಸ್ವರ ಬರೆಯುವ ವಿಂಡೊದಿಂದಲೇ ಕಟ್ಟುವವರಿಗೆ ಎಫ್‌ಎಲ್ ಸ್ಟುಡಿಯೊದಂಥ ಪ್ಯಾಟರ್ನ್ ಪದ್ಧತಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಒಂದೇ ಹಾಡಿನ ಚಿಕ್ಕ ಮತ್ತು ದೊಡ್ಡ ರೂಪಗಳೆರಡೂ ಬೇಕಾಗುವವರಿಗೆ, 2018ರಲ್ಲಿ ಬಂದ ಅದರ 20ನೆಯ ಆವೃತ್ತಿಯಿಂದ ಒಂದೇ ಪ್ರಾಜೆಕ್ಟಿನೊಳಗೆ ಹಲವು ಅರೇಂಜ್‌ಮೆಂಟ್‌ಗಳನ್ನು ಇಟ್ಟುಕೊಳ್ಳುವ ಸೌಲಭ್ಯವೂ ಇದೆ. ವೇದಿಕೆಯ ಮೇಲೆ ನುಡಿಸುವವರಿಗೂ, ನುಡಿಸುತ್ತ ನುಡಿಸುತ್ತಲೇ ಹಾಡಿನ ರೂಪ ಕಂಡುಕೊಳ್ಳುವವರಿಗೂ ಲೈವ್ ಅಥವಾ ಬಿಟ್‌ವಿಗ್.

ಗಾಯನ, ಗಿಟಾರ್, ಕೊಳಲು ಮುಂತಾದ ನಿಜವಾದ ನುಡಿಸಾಣಿಕೆಯನ್ನು ಆದಿಯಿಂದ ಅಂತ್ಯದವರೆಗೆ ರೆಕಾರ್ಡ್ ಮಾಡುವವರಿಗೆ ಟೈಮ್‌ಲೈನ್ ಕುಲವೇ ಸರಿ. ಅದರೊಳಗಿನ ಆಯ್ಕೆ ಆಮೇಲಿನದು: ಹಾಡಿನ ವಿಭಾಗಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡುವವರಾದರೆ ಸ್ಟುಡಿಯೊ ಒನ್ ಅಥವಾ ಲಾಜಿಕ್, ಟ್ರ್ಯಾಕ್‌ಗಳ ಸಂಖ್ಯೆ ಬಹಳವಾಗಿದ್ದು ಪ್ರತಿಯೊಂದನ್ನೂ ತಮ್ಮ ಇಷ್ಟದಂತೆ ಹೊಂದಿಸಿಕೊಳ್ಳುವ ತಾಳ್ಮೆ ಇರುವವರಾದರೆ ರೀಪರ್. ರೀಪರ್‌ನ ಟ್ರ್ಯಾಕ್‌ಗಳು ಆಡಿಯೊ ಮತ್ತು ಮಿಡಿ ಎರಡನ್ನೂ ಹಿಡಿಯುತ್ತವೆ, ಯಾವ ಟ್ರ್ಯಾಕನ್ನಾದರೂ ಫೋಲ್ಡರ್ ಮಾಡಬಹುದು, ಮಾಡಿದರೆ ಒಳಗಿನವುಗಳ ಧ್ವನಿಯೂ ಅದರ ಮೂಲಕವೇ ಹಾದುಹೋಗುತ್ತದೆ. ಎಲ್ಲ ಕಡೆ ಹೀಗಿಲ್ಲ: ಲಾಜಿಕ್‌ನಲ್ಲಿ ಧ್ವನಿಯನ್ನು ಒಂದುಗೂಡಿಸದೆ ಮಡಚುವ ಫೋಲ್ಡರ್ ಸ್ಟ್ಯಾಕ್ ಬೇರೆ, ಧ್ವನಿಯನ್ನೂ ಒಂದುಗೂಡಿಸುವ ಸಮಿಂಗ್ ಸ್ಟ್ಯಾಕ್ ಬೇರೆ. ಐವತ್ತು ಟ್ರ್ಯಾಕ್‌ಗಳ ಪ್ರಾಜೆಕ್ಟನ್ನು ಲ್ಯಾಪ್‌ಟಾಪ್ ಪರದೆಯಲ್ಲಿ ನಿಭಾಯಿಸುವಾಗ ಈ ಮಡಚುವ ಅನುಕೂಲವೇ ಉಸಿರಾಡಲು ಜಾಗ ಕೊಡುತ್ತದೆ.

ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ಆರಂಭಿಸುವವರಿಗೆ ಐಒಎಸ್‌ನ ಗ್ಯಾರೇಜ್‌ಬ್ಯಾಂಡ್ ಒಳ್ಳೆಯ ದ್ವಾರ. ಅದರಲ್ಲಿ ಹೊಸ ಹಾಡು ಎಂಟು ಬಾರ್‌ಗಳ ಒಂದು ವಿಭಾಗವಾಗಿ ತೆರೆದುಕೊಳ್ಳುತ್ತದೆ. ಎಂಟನೆಯ ಬಾರ್‌ನಿಂದ ಮುಂದಕ್ಕೆ ರೆಕಾರ್ಡಿಂಗ್ ಹೋಗದಿದ್ದರೆ ಅದು ದೋಷವಲ್ಲ, ವಿಭಾಗದ ಉದ್ದವನ್ನು ಸ್ವಯಂಚಾಲಿತ ಎಂದು ಬದಲಿಸಿದರೆ ಸಾಕು.

ತೀರ್ಮಾನಕ್ಕೆ ಮುನ್ನ ನಿಮ್ಮದೇ ಒಂದು ಅರ್ಧ ಮುಗಿದ ಹಾಡನ್ನು ಎರಡು ತಂತ್ರಾಂಶಗಳಲ್ಲಿ ತೆರೆದು ಮೂರೂ ಪರೀಕ್ಷೆಗಳನ್ನು ಮಾಡಿ ನೋಡಿ. ತಂತ್ರಾಂಶದೊಂದಿಗೆ ಬರುವ ಮಾದರಿ ಹಾಡು ಇದಕ್ಕೆ ಒದಗದು. ಅದು ಆ ವಿಂಡೊದಲ್ಲಿ ಚೆನ್ನಾಗಿ ಕಾಣುವಂತೆ ಜೋಡಿಸಲ್ಪಟ್ಟಿರುತ್ತದೆ. ರೀಪರನ್ನು 60 ದಿನ ಯಾವ ಮಿತಿಯೂ ಇಲ್ಲದೆ ಪರೀಕ್ಷಿಸಬಹುದು. ಎಫ್‌ಎಲ್ ಸ್ಟುಡಿಯೊದ ಪ್ರಾಯೋಗಿಕ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಕೊಳ್ಳುವವರೆಗೆ ಮತ್ತೆ ತೆರೆಯಲಾಗದು, ಆದ್ದರಿಂದ ಅಲ್ಲಿ ಮೂರೂ ಪರೀಕ್ಷೆಗಳನ್ನು ಒಂದೇ ಕೂರುವಿಕೆಯಲ್ಲಿ ಮುಗಿಸಬೇಕು.

ಆರಿಸಿದ್ದು ಒಗ್ಗದೆ ಹೋದರೆ ಹಾಡನ್ನು ಹೊರತರುವ ದಾರಿಗಳಿವೆ. ಬಿಟ್‌ವಿಗ್ ಮತ್ತು (ಸ್ಟುಡಿಯೊ ಒನ್ ತಯಾರಿಸಿದ) ಪ್ರಿಸೋನಸ್ ಸಂಸ್ಥೆಗಳು 2023ರಲ್ಲಿ ಹೊರತಂದ ಡಾಪ್ರಾಜೆಕ್ಟ್ ಎಂಬ ಮುಕ್ತ ಕಡತ ಮಾದರಿ, ಅದನ್ನು ಒಪ್ಪುವ ತಂತ್ರಾಂಶಗಳ ನಡುವೆ ಟ್ರ್ಯಾಕ್‌ಗಳನ್ನೂ ಕ್ಲಿಪ್‌ಗಳನ್ನೂ ಆಟೊಮೇಶನ್ನನ್ನೂ ಸಾಗಿಸುತ್ತದೆ. ಅದು ಸಿಗದ ಕಡೆ ಹಳೆಯ ಕ್ರಮವೇ ಗಟ್ಟಿ: ಪ್ರತಿ ಟ್ರ್ಯಾಕನ್ನೂ ಅದರ ಧ್ವನಿ ಎಲ್ಲೇ ಆರಂಭವಾಗಲಿ, ಒಂದನೆಯ ಬಾರ್‌ನಿಂದಲೇ ಹಿಡಿದು ಬೇರೆ ಬೇರೆ ಆಡಿಯೊ ಕಡತಗಳಾಗಿ ತೆಗೆಯಬೇಕು, ಮಿಡಿ ಕಡತವೊಂದನ್ನು ಜೊತೆಗಿಟ್ಟು, ಟೆಂಪೊ ಮತ್ತು ಸ್ಯಾಂಪಲ್ ರೇಟನ್ನು (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗಿದೆ ಎಂಬ ಸಂಖ್ಯೆಯನ್ನು) ಕಡತದ ಹೆಸರಿನಲ್ಲೇ ಬರೆಯಬೇಕು. ಹೊಸ ವಿಂಡೊದಲ್ಲಿ ಮೊದಲು ಟೆಂಪೊ ಹೊಂದಿಸಿ, ಹಿಗ್ಗಿಸುವ ಕುಗ್ಗಿಸುವ ಆಯ್ಕೆಯನ್ನು ತೆಗೆದು, ಆನಂತರ ಎಲ್ಲವನ್ನೂ ಒಂದನೆಯ ಬಾರ್‌ಗೆ ಇಳಿಸಿದರೆ ಹಾಡು ಇದ್ದ ಹಾಗೆಯೇ ಕೂರುತ್ತದೆ.